ಪಟ್ಟಿಯಲ್ಲಿದ್ದ ಬೆಂಗಳೂರಿನ ಮೂರು ಕೋಶವಂಶಗಳು

ಹನುಮಸಾಗರದ ನಮ್ಮ ಮನೆಯಲ್ಲಿ ಹೆಪ್ಪಿಗೆ ಮೊಸರು ಉಳಿಯದಿದ್ದರೆ ಅವ್ವ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಅವರಲ್ಲಿ ಮೊಸರಿದ್ದರಷ್ಟೇ ಸಾಲದು. ಅದು ಕೆಟ್ಟಿರಬಾರದು, ಅವರು ಒಂದು ಚಮಚ ಕೊಡಬೇಕು, ತಂದದ್ದು ನಮ್ಮ ಹಾಲಿನಲ್ಲಿ ಹೆಪ್ಪುಗಟ್ಟಬೇಕು. ಪ್ರಯೋಗಾಲಯದವರು 'ಸೆಲ್ ಲೈನ್' ಅನ್ನುವುದು ಬಹುಮಟ್ಟಿಗೆ ಇಂಥದ್ದೇ. ಇಲ್ಲಿ ಅದನ್ನು ಕೋಶವಂಶ ಎಂದು ಕರೆಯುತ್ತೇನೆ. ಒಮ್ಮೆ ಭ್ರೂಣದಿಂದ ತೆಗೆದ ಕಾಂಡಕೋಶಗಳನ್ನು ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ, ಅತಿಶೀತದಲ್ಲಿ ಕಾಪಿಡುತ್ತ, ಕೇಳಿದವರಿಗೆ ಹಂಚುತ್ತ ಬದುಕಿಸಿಕೊಂಡು ಬರುತ್ತಾರೆ. ಪಡೆದವರ ತಟ್ಟೆಯಲ್ಲೂ ಅದು ಬೆಳೆದಾಗಲೇ ಸಂಶೋಧನೆಗೆ ಉಪಯೋಗ.

ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ 2001ರ ಆಗಸ್ಟ್ 9ರ ರಾತ್ರಿ ದೂರದರ್ಶನದಲ್ಲಿ ತಮ್ಮ ನೀತಿ ಪ್ರಕಟಿಸಿದರು. ಆ ಹೊತ್ತಿಗಾಗಲೇ ಭ್ರೂಣದಿಂದ ತೆಗೆದ ಕೋಶವಂಶಗಳ ಸಂಶೋಧನೆಗೆ ಮಾತ್ರ ಕೇಂದ್ರದ ಹಣ. ಮುಂದೆ ತೆಗೆಯುವವಕ್ಕೆ ಇಲ್ಲ. ಅಂಥವು ಜಗತ್ತಿನಲ್ಲಿ ಅರವತ್ತಕ್ಕೂ ಹೆಚ್ಚು ಇವೆ, ಸಂಶೋಧನೆಗೆ ಅಡ್ಡಿಯಾಗದು ಎಂಬುದು ಅವರ ಭರವಸೆ. ಆಗಸ್ಟ್ 27ರಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ಪಟ್ಟಿ ಹೊರಡಿಸಿತು: ಹತ್ತು ಪ್ರಯೋಗಾಲಯಗಳು, 64 ಕೋಶವಂಶಗಳು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವು 19, ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನವು 7. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನವು 3.

ಆ ಮೂರರ ಮೇಲೆ ನನ್ನ ಗಮನ. ವಾಷಿಂಗ್ಟನ್ನಿನ ಲೆಕ್ಕಕ್ಕೆ ಅವು ಜಮೆಯಾದವು. ಅಲ್ಲಿನ ಸಂಶೋಧಕರ ಕೈಗೆ ಒಂದೂ ಸೇರಲಿಲ್ಲ. ರಿಲಯನ್ಸಿನ ಏಳರದೂ ಅದೇ ಗತಿ. ಪಟ್ಟಿ ಮುಂದೆ 78ರ ತನಕ ಬೆಳೆಯಿತು, ಆದರೆ ನಿಜವಾಗಿ ಹಂಚಿಕೆಗೆ ಸಿದ್ಧವಾದವು ಇಪ್ಪತ್ತರ ಆಸುಪಾಸು. ಇನ್ನೊಂದು ಕುಂದು ಕೋಶಗಳು ಬೆಳೆದ ತಟ್ಟೆಯಲ್ಲೇ ಇತ್ತು. ಆಗಿನ ವಿಧಾನದಲ್ಲಿ ತಟ್ಟೆಯ ತಳಕ್ಕೆ ಮೊದಲು ಇಲಿಯ ಕೋಶಗಳ ಹಾಸು ಹಾಕಿ, ಅದರ ಮೇಲೆ ಮನುಷ್ಯರ ಕಾಂಡಕೋಶಗಳನ್ನು ಬೆಳೆಸುತ್ತಿದ್ದರು. 2005ರಲ್ಲಿ ಅಜಿತ್ ವರ್ಕಿ ಮತ್ತು ಸಂಗಡಿಗರು ಇಂಥ ಕೋಶಗಳ ಮೈಮೇಲೆ ಪ್ರಾಣಿಮೂಲದ ಸಿಯಾಲಿಕ್ ಆಮ್ಲ ಕೂತಿರುವುದನ್ನು ತೋರಿಸಿದರು. ಮನುಷ್ಯರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿರುತ್ತವೆ. ಇಂಥ ಕೋಶಗಳನ್ನು ರೋಗಿಗೆ ಕೊಡುವುದು ಹೇಗೆ ಎಂಬ ಪ್ರಶ್ನೆ ಆಗ ಗಟ್ಟಿಯಾಯಿತು.

ರಾಜಕೀಯ ಟೀಕೆಗೆ ಬಲ ಬಂದದ್ದು ಈ ಲೆಕ್ಕದಿಂದಲೇ ಎಂಬುದು ನನ್ನ ವಾದ. ಬುಷ್ ಅವರ ಸ್ವಂತ ಪಕ್ಷದ ಆರ್ಲೆನ್ ಸ್ಪೆಕ್ಟರ್, ಆರಿನ್ ಹ್ಯಾಚ್ ಅವರೇ ನೀತಿ ಸಡಿಲಿಸಲು ನಿಂತರು. ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ ತಮ್ಮ ರಾಜ್ಯದ ಬೊಕ್ಕಸದಿಂದ 300 ಕೋಟಿ ಡಾಲರ್ ಒದಗಿಸಲು ಒಪ್ಪಿದರು. ನಿರ್ಬಂಧ ತೆಗೆಯುವ ಮಸೂದೆ 2006ರ ಜುಲೈ 18ರಂದು ಸೆನೆಟ್ಟಿನಲ್ಲಿ 63–37ರಿಂದ ಗೆದ್ದಿತು. ಮರುದಿನವೇ ಬುಷ್ ತಮ್ಮ ಅಧಿಕಾರಾವಧಿಯ ಮೊದಲ ವೀಟೊ ಚಲಾಯಿಸಿದರು. ಭ್ರೂಣನಾಶಕ್ಕೆ ತೆರಿಗೆದಾರರ ಹಣ ಹೋಗಬಾರದು ಎಂಬ ಅವರ ನಿಲುವು ಪ್ರಾಮಾಣಿಕವಾದದ್ದೆಂದೇ ನಾನು ನಂಬುತ್ತೇನೆ. ಅದನ್ನು ಒಪ್ಪದವರೂ ಗೌರವಿಸಬಹುದು. ಆದರೆ ಕೈಗೆ ಸಿಗುವುದೋ ಇಲ್ಲವೋ ನೋಡದೆ ಎಣಿಸಿದ ಸಂಖ್ಯೆಯನ್ನು ಪಾರ್ಕಿನ್ಸನ್, ಮಧುಮೇಹದಿಂದ ನರಳುವವರ ಮುಂದೆ ಭರವಸೆಯಾಗಿ ಇಟ್ಟದ್ದು ತಪ್ಪು. ಆ ತಪ್ಪಿಗೆ ನೈತಿಕ ನಿಲುವು ರಕ್ಷೆಯಾಗದು.

ನಮ್ಮ ಕಡೆಯ ಲೋಪವನ್ನೂ ದಾಖಲಿಸಬೇಕು. ಬೆಂಗಳೂರಿನ ಹೆಸರು ಆ ಪಟ್ಟಿಗೆ ಸೇರಿದಾಗ ಕಾಂಡಕೋಶ ಸಂಶೋಧನೆಗೆಂದೇ ಬರೆದ ರಾಷ್ಟ್ರೀಯ ಮಾರ್ಗಸೂಚಿ ಭಾರತದಲ್ಲಿ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಅದನ್ನು ತಂದದ್ದು 2007ರಲ್ಲಿ. ಅದರ ಹೆಸರಿನಲ್ಲಿ ಸಂಶೋಧನೆಯ ಜೊತೆ 'ಚಿಕಿತ್ಸೆ' ಎಂಬ ಪದವೂ ಇತ್ತು. 2013ರ ಪರಿಷ್ಕರಣೆಯಲ್ಲಿ ಆ ಪದವನ್ನು ಬೇಕೆಂದೇ ಕೈಬಿಟ್ಟರು. ಮೊಣಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಬೇಕೆನ್ನುವ ನಮ್ಮೂರಿನ ಹಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ.

ಜಿಕೆವಿಕೆಯಿಂದ ಹೆಚ್ಚು ದೂರವಿಲ್ಲದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ ಮುಂದೆ ಎರಡು ಒಡಹುಟ್ಟು ಕೋಶವಂಶಗಳನ್ನು ರೂಪಿಸಿತು: ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಮೂರನೇ ದರ್ಜೆಯವೆಂದು ಕೈಬಿಟ್ಟಿದ್ದ ಭ್ರೂಣಗಳಿಂದ ಅವು ಬಂದವು. ವಿವರ ಪ್ರಕಟವಾದದ್ದು 2009ರಲ್ಲಿ. ಬೇರೆಯವರಿಗೂ ಸಿಗಲೆಂದು ಬ್ರಿಟನ್ನಿನ ಸ್ಟೆಮ್ ಸೆಲ್ ಬ್ಯಾಂಕಿಗೂ ಅವನ್ನು ಒಪ್ಪಿಸಿದರು. ಬುಷ್ ಎಳೆದ ಗೆರೆಯ ಪ್ರಕಾರ ಇವುಗಳ ಮೇಲಿನ ಕೆಲಸಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಹಣ ಸಲ್ಲುತ್ತಿರಲಿಲ್ಲ, ಏಕೆಂದರೆ ಇವು ಹುಟ್ಟಿದ್ದು 2001ರ ಆಗಸ್ಟ್ 9ರ ನಂತರ. ಆ ಗೆರೆಯನ್ನು ಬರಾಕ್ ಒಬಾಮ ಅಳಿಸಿದ್ದು 2009ರ ಮಾರ್ಚ್ 9ರಂದು.