ಆಮ್‌ಸ್ಟರ್‌ಡಾಂ ನಗರದ ಬೀದಿಗಳೂ ಬೈಸಿಕಲ್ಲೂ: ಒಂದು ಕಾರಣವಿಚಾರ

ಹಾಲೆಂಡಿನ ಜನ ಸೈಕಲ್ಲನ್ನು ಇಷ್ಟು ವ್ಯಾಪಕವಾಗಿ ಬಳಸುವುದೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಆ ದೇಶದ ನೆಲ ಸಮತಟ್ಟಾದುದು ಎಂಬುದು ಒಂದು. ಸೈಕಲ್ ಸವಾರಿ ಡಚ್ಚರಿಗೆ ತಲೆತಲಾಂತರದಿಂದ ಬಂದ ಅಭ್ಯಾಸ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ 1950ರಿಂದ 1970ರವರೆಗೆ ಅದೇ ಸಮತಟ್ಟಾದ ನೆಲದಲ್ಲಿ, ಅದೇ ಅಭ್ಯಾಸವುಳ್ಳ ಜನರ ನಡುವೆ, ಸೈಕಲ್ಲಿನ ಬಳಕೆ ವೇಗವಾಗಿ ಕುಸಿಯಿತು. ಅನಂತರ ಮತ್ತೆ ಚೇತರಿಸಿಕೊಂಡಿತು. ನೆಲ ಬದಲಾಗಲಿಲ್ಲ, ಬಳಕೆ ಬದಲಾಯಿತು. ಬದಲಾಗದ ವಸ್ತುವನ್ನು ಬದಲಾವಣೆಯ ಕಾರಣವೆನ್ನುವುದು ತರ್ಕಸಮ್ಮತವಲ್ಲ. ಆದ್ದರಿಂದ ಆಮ್‌ಸ್ಟರ್‌ಡಾಂ ನಗರವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಈ ತಿರುವಿಗೆ ನಿಜವಾದ ಕಾರಣಗಳಾವುವೆಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಪೂರ್ವವೃತ್ತಾಂತವನ್ನು ಸಂಗ್ರಹವಾಗಿ ನೋಡಬಹುದು. 1883ರಲ್ಲಿ ಆ ದೇಶದ ಸೈಕಲ್ ಸವಾರರು ತಮ್ಮದೇ ಆದ ಸಂಘವೊಂದನ್ನು ಕಟ್ಟಿಕೊಂಡರು. ಅದೇ ಸಂಘ ಮುಂದೆ ಮೋಟಾರು ಪ್ರವಾಸಿಗಳ ಮಹಾಸಂಸ್ಥೆಯಾಗಿ ಪರಿಣಮಿಸಿದ್ದು ಇತಿಹಾಸದ ವಿನೋದಗಳಲ್ಲೊಂದು. 1920ರ ದಶಕದ ಹೊತ್ತಿಗೆ ಕಾರ್ಮಿಕ, ಗುಮಾಸ್ತ, ಉಪಾಧ್ಯಾಯಿನಿ, ಪಾದ್ರಿ ಎಲ್ಲರೂ ಸೈಕಲ್ಲನ್ನೇರಿದ್ದರು. ಇಷ್ಟು ಜನ ಬಳಸುವ ವಸ್ತು ಸರ್ಕಾರದ ಕಣ್ಣಿಗೆ ಬೀಳದಿರುತ್ತದೆಯೆ? 1924ರಲ್ಲಿ ಸೈಕಲ್ಲಿಗೆ ವಾರ್ಷಿಕ ಕರ ಬಂದಿತು. ಕರ ತೆತ್ತವನಿಗೆ ಲೋಹದ ಒಂದು ಬಿಲ್ಲೆ ಕೊಡುತ್ತಿದ್ದರು. ಅದನ್ನು ಸೈಕಲ್ಲಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕಾಗಿತ್ತು. ನಮ್ಮಲ್ಲಿಯೂ ಪುರಸಭೆಗಳು ಸೈಕಲ್ಲಿಗೆ ಬಿಲ್ಲೆ ಕೊಟ್ಟು ಹಣ ಪಡೆಯುತ್ತಿದ್ದ ಕಾಲವನ್ನು ಹಿರಿಯ ವಾಚಕರು ಬಲ್ಲರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಹಾಲೆಂಡಿನ ನಿರುದ್ಯೋಗಿಗಳಿಗೆ ಬಿಲ್ಲೆಯನ್ನು ಉಚಿತವಾಗಿ ಕೊಟ್ಟರು. ಆದರೆ ಅದರ ನಡುವೆ ಒಂದು ತೂತು ಕೊರೆದಿರುತ್ತಿತ್ತು. ಅದನ್ನು ಕಂಡವರಿಗೆ ಸವಾರನು ನಿರುದ್ಯೋಗಿಯೆಂದು ದೂರದಿಂದಲೇ ತಿಳಿಯುತ್ತಿತ್ತು. ದಾನದೊಡನೆ ಅವಮಾನವನ್ನೂ ಬೆರೆಸುವ ಆಡಳಿತದ ಜಾಣ್ಮೆಗೆ ಇದಕ್ಕಿಂತ ಚಿಕ್ಕ ಸಾಕ್ಷಿ ಸಿಗುವುದು ಕಷ್ಟ. 1941ರಲ್ಲಿ ಈ ಕರವನ್ನು ರದ್ದುಮಾಡಿದವರು ದೇಶವನ್ನು ಆಕ್ರಮಿಸಿದ್ದ ಜರ್ಮನರು! ಮರುವರ್ಷ ಜುಲೈ ತಿಂಗಳಲ್ಲಿ ಅವರೇ ಜನರ ಸೈಕಲ್ಲುಗಳನ್ನು ದೊಡ್ಡ ಪ್ರಮಾಣದಲ್ಲಿ ಕಿತ್ತುಕೊಂಡರು. ಆ ನೆನಪು ಡಚ್ಚರ ಮನಸ್ಸಿನಲ್ಲಿ ಹಲವು ದಶಕಗಳವರೆಗೆ ಮಾಸಲಿಲ್ಲ.

ಯುದ್ಧಾನಂತರ ದೇಶ ಸಂಪನ್ನವಾದಂತೆ ಮೋಟಾರು ಕಾರು ಮಧ್ಯಮವರ್ಗದ ಕೈಗೆ ಎಟುಕಿತು. ಆಮ್‌ಸ್ಟರ್‌ಡಾಮಿನ ಹಳೆಯ ಭಾಗ ಹದಿನೇಳನೆಯ ಶತಮಾನದಲ್ಲಿ ವಿಸ್ತರಿಸಿದ ಕಾಲುವೆಗಳ ನಗರ. ಅದರ ಬೀದಿಗಳು ದೋಣಿಗೂ ಕಾಲ್ನಡಿಗೆಗೂ ತಕ್ಕವೇ ಹೊರತು ಕಾರಿಗಲ್ಲ. ಆಗ ಯೋಜಕರ ಮುಂದೆ ಎರಡು ದಾರಿಗಳಿದ್ದುವು. ಒಂದು, ನಗರಕ್ಕೆ ತಕ್ಕಂತೆ ವಾಹನವನ್ನು ಮಿತಗೊಳಿಸುವುದು. ಎರಡು, ವಾಹನಕ್ಕೆ ತಕ್ಕಂತೆ ನಗರವನ್ನು ಕಡಿಯುವುದು. ಎರಡನೆಯದೇ ಅಂದಿನ ವಿವೇಕವೆನಿಸಿತ್ತು. 1954ರಲ್ಲಿ ನಗರದ ಪೋಲೀಸ್ ಮುಖ್ಯಾಧಿಕಾರಿ ಕಾಸ್‌ಯಾಗರ್ ಎಂಬವನು ಕಾಲುವೆಗಳನ್ನು ಮುಚ್ಚಿ ರಸ್ತೆಗಳನ್ನಾಗಿ ಮಾಡಬೇಕೆಂಬ ಯೋಜನೆಯನ್ನು ಮುಂದಿಟ್ಟನು. ಪ್ರತಿಭಟನೆಯಿಂದಾಗಿ ಅದು ಕೈಗೂಡಲಿಲ್ಲ. 1967ರಲ್ಲಿ ಅಮೆರಿಕದ ಸಂಚಾರತಜ್ಞ ಯೊಕಿನೆನ್ ಇನ್ನೂ ಮುಂದೆ ಹೋಗಿ, ಕಾರ್ಮಿಕರ ಬಡಾವಣೆಗಳನ್ನು ಕೆಡವಿ ನಗರದ ಹೃದಯದವರೆಗೆ ಹೆದ್ದಾರಿಯನ್ನು ಎಳೆಯಬೇಕೆಂದು ಸೂಚಿಸಿದನು.

ಇವು ಬರಿಯ ಕಾಗದದ ಮೇಲಿನ ಕನಸುಗಳೆಂದು ತಿಳಿಯಲಾಗದು. 1960ರ ದಶಕದಲ್ಲಿ ವೇಸ್‌ಪರ್ ಬೀದಿಯನ್ನು ನಿಜವಾಗಿಯೂ ಕಡಿದು ಅಗಲಗೊಳಿಸಿದರು. ಈ ಬೀದಿ ಹಳೆಯ ಯೆಹೂದಿ ಕೇರಿಯೊಳಗೆ ಹಾಯ್ದುಹೋಗುತ್ತದೆ. ಅಲ್ಲಿನ ನಿವಾಸಿಗಳನ್ನು ಯುದ್ಧಕಾಲದಲ್ಲಿ ಜರ್ಮನರು ಹೊತ್ತೊಯ್ದು ಕೊಂದಿದ್ದರು. 1944–45ರ ಹಸಿವಿನ ಚಳಿಗಾಲದಲ್ಲಿ ಖಾಲಿಬಿದ್ದ ಮನೆಗಳ ತೊಲೆಬಾಗಿಲುಗಳನ್ನು ಚಳಿಯಲ್ಲಿ ನಡುಗುತ್ತಿದ್ದ ಜನ ಸೌದೆಗಾಗಿ ಕಿತ್ತರು. ರಸ್ತೆ ಅಗಲಿಸಲು ಬಂದ ಯೋಜಕರನ್ನು ತಡೆಯಬಹುದಾಗಿದ್ದ ನೆರೆಹೊರೆಯೇ ಅಲ್ಲಿ ಬಹುಮಟ್ಟಿಗೆ ಉಳಿದಿರಲಿಲ್ಲ. ನಗರದ ಯಾವ ಭಾಗದಲ್ಲಿ ಹೆದ್ದಾರಿ ಬರುತ್ತದೆ ಎಂಬುದನ್ನು ಎಂಜಿನಿಯರನ ನಕ್ಷೆಯಷ್ಟೇ ಅಲ್ಲ, ಯಾರ ದನಿ ಅಡಗಿದೆ ಎಂಬುದೂ ನಿರ್ಧರಿಸುತ್ತದೆಂಬುದಕ್ಕೆ ವೇಸ್‌ಪರ್ ಬೀದಿಗಿಂತ ಕಟುವಾದ ಉದಾಹರಣೆ ನಮಗೆ ತಿಳಿಯದು.

1965ರಲ್ಲಿ ಪ್ರೊವೊ ಎಂಬ ತರುಣರ ಗುಂಪು ರಂಗಕ್ಕೆ ಬಂದಿತು. ಅವರಲ್ಲೊಬ್ಬನಾದ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕನು ಬಿಳಿ ಸೈಕಲ್ಲುಗಳ ಯೋಜನೆಯನ್ನು ರೂಪಿಸಿದನು. ನಗರದ ಕೇಂದ್ರಭಾಗವನ್ನು ಕಾರುಗಳಿಗೆ ಮುಚ್ಚಬೇಕು. ಪೌರಸಭೆ ವರ್ಷಕ್ಕೆ 20,000 ಸೈಕಲ್ಲುಗಳನ್ನು ಕೊಂಡು, ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿಡಬೇಕು. ಬೇಕಾದವರು ಹತ್ತಿ, ಸೇರಬೇಕಾದಲ್ಲಿ ಇಳಿದು, ಮುಂದಿನವರಿಗೆ ಬಿಟ್ಟುಹೋಗಬೇಕು. ಯಾರ ಸ್ವತ್ತೂ ಅಲ್ಲದ, ಎಲ್ಲರ ಸ್ವತ್ತೂ ಆದ ವಾಹನವಿದು. ಪೌರಸಭೆ ಕಿವಿಗೊಡದಿದ್ದಾಗ ಅವರೇ ಕೆಲವು ಸೈಕಲ್ಲುಗಳಿಗೆ ಬಣ್ಣ ಬಳಿದು ಬೀದಿಯಲ್ಲಿಟ್ಟರು. ಬೀಗ ಹಾಕದೆ ಸೈಕಲ್ಲನ್ನು ಬಿಡುವುದು ನಿಯಮವಿರುದ್ಧವೆಂದು ಪೋಲೀಸರು ಅವನ್ನು ಎತ್ತಿಕೊಂಡುಹೋದರು. ಕಳ್ಳತನಕ್ಕೆ ಆಸ್ಪದ ಕೊಟ್ಟಂತಾಗುತ್ತದೆಂಬುದು ಅವರ ವಾದ. ಎಲ್ಲರಿಗೂ ಕೊಟ್ಟುಬಿಟ್ಟ ವಸ್ತುವನ್ನು ಕದಿಯುವುದು ಹೇಗೆಂಬ ಪ್ರಶ್ನೆಯನ್ನು ಕಾನೂನು ಎತ್ತಿಕೊಳ್ಳಲಿಲ್ಲ.

1966ರ ಪೌರಸಭಾ ಚುನಾವಣೆಯಲ್ಲಿ ಪ್ರೊವೊಗಳು ಒಂದು ಸ್ಥಾನವನ್ನು ಗೆದ್ದರು. 1967ರಲ್ಲಿ ತಮ್ಮ ಗುಂಪನ್ನು ತಾವೇ ವಿಸರ್ಜಿಸಿದರು. ಜನಪ್ರಿಯ ಬರಹಗಳಲ್ಲಿ ಡಚ್ ಸೈಕಲ್ ಪುನರುತ್ಥಾನದ ಕೀರ್ತಿಯನ್ನೆಲ್ಲ ಇವರಿಗೆ ಕಟ್ಟುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಅತಿಶಯೋಕ್ತಿ. ಅವರ ಕಾಲದಲ್ಲಿಯೂ ಅನಂತರ ಹಲವು ವರ್ಷಗಳಲ್ಲಿಯೂ ಸೈಕಲ್ಲಿನ ಬಳಕೆ ಇಳಿಯುತ್ತಲೇ ಇತ್ತು. ಬೀದಿ ಸಾರ್ವಜನಿಕರ ಸ್ವತ್ತು, ಅದನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ಚರ್ಚೆಗೆ ತಕ್ಕ ವಿಷಯ ಎಂಬ ಭಾವನೆಯನ್ನು ಅವರು ಬಿತ್ತಿದರೆಂಬುದು ನಿಜ. ಆದರೆ ಗೃಹಸ್ಥರನ್ನೂ ತಾಯಂದಿರನ್ನೂ ಬೀದಿಗಿಳಿಸಲು ಬೇರೊಂದು ಕಾರಣ ಬೇಕಾಗಿತ್ತು.

ಆ ಕಾರಣ ಮಕ್ಕಳ ಸಾವು. 1971ರಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಆಗಿನ ಜನಸಂಖ್ಯೆ ಸುಮಾರು ಒಂದು ಕೋಟಿ ಮೂವತ್ತು ಲಕ್ಷವೆಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ. ಶಾಲೆಗೆ ಹೊರಟ ಮಗು ಮನೆಗೆ ಮರಳದಿರುವುದು ಪ್ರತಿಯೊಂದು ಊರಿನ ಅನುಭವವಾಗಿತ್ತು. ವಿಕ್ ಲಾಂಗೆನ್‌ಹೊಫ್ ಎಂಬ ಪತ್ರಕರ್ತನ ಪುಟ್ಟ ಮಗಳು ಹೀಗೆಯೇ ಮಡಿದಳು. 1972ರಲ್ಲಿ ಆತ ತನ್ನ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದನು. ‘ಶಿಶುಹತ್ಯೆಯನ್ನು ನಿಲ್ಲಿಸಿ’ ಎಂಬುದು ಅದರ ಶಿರೋನಾಮೆ. ಅದೇ ಹೆಸರಿನಲ್ಲಿ ಚಳವಳಿಯೊಂದು ಹುಟ್ಟಿತು. ಮಾರ್ಟ್ಯೆ ವಾನ್ ಪುಟ್ಟನ್ ಎಂಬ ತರುಣಿ ಅದರ ಮೊದಲ ಅಧ್ಯಕ್ಷೆಯಾದಳು.

ಇಲ್ಲಿ ಪದಪ್ರಯೋಗವನ್ನು ಗಮನಿಸಬೇಕು. ಅದುವರೆಗೆ ಇಂಥ ಸಾವುಗಳಿಗೆಲ್ಲ ‘ಅಪಘಾತ’ ಎಂಬ ಒಂದೇ ಹೆಸರಿತ್ತು. ಅಪಘಾತವೆಂದರೆ ಯಾರ ಹೊಣೆಯೂ ಅಲ್ಲದ್ದು, ಸಿಡಿಲಿನಂತೆ ಮೇಲಿನಿಂದ ಬಂದೆರಗುವಂಥದು. ಮಕ್ಕಳು ರಸ್ತೆಯಲ್ಲಿ ಆಡದಂತೆ ನೋಡಿಕೊಳ್ಳಿರೆಂದು ತಾಯಂದಿರಿಗೆ ಬುದ್ಧಿ ಹೇಳಿ ಅಧಿಕಾರಿಗಳು ಸುಮ್ಮನಾಗುತ್ತಿದ್ದರು. ‘ಹತ್ಯೆ’ ಎಂದು ಕರೆದೊಡನೆ ಹೊಣೆಗಾರನ ಪ್ರಶ್ನೆ ಏಳುತ್ತದೆ. ಈ ಚಳವಳಿಗಾರರು ಮಕ್ಕಳಿಗೆ ಎಚ್ಚರಿಕೆ ಕಲಿಸುವುದರ ಬದಲು ರಸ್ತೆಗೆ ಸಂಯಮ ಕಲಿಸಿರೆಂದು ಕೇಳಿದರು. ಅಪಾಯಕರವಾದ ಬೀದಿಗಳಲ್ಲಿ ಅಡ್ಡಗಟ್ಟಿ ಕುಳಿತರು; ಮಕ್ಕಳೊಡನೆ ಮೆರವಣಿಗೆ ಹೊರಟರು; ಶಾಸನಸಭೆಯ ಬಾಗಿಲು ತಟ್ಟಿದರು. ಪ್ರೊವೊಗಳನ್ನು ಪುಂಡರೆಂದು ತಳ್ಳಿಹಾಕಿದ್ದ ಸಂಭಾವಿತ ಪತ್ರಿಕೆಗಳು ಇವರನ್ನು ಹಾಗೆ ತಳ್ಳಿಹಾಕಲಾರದೆ ಹೋದುವು.

ಮರುವರ್ಷದ ತೈಲ ಬಿಕ್ಕಟ್ಟಿನ ಕಥೆ ಎಲ್ಲರಿಗೂ ತಿಳಿದುದೇ. ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ, ಪ್ರಧಾನಿ ಡೆನ್ ಔಲ್‌ನ ಸರ್ಕಾರ 1973ರ ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರುಗಳ ಸಂಚಾರವನ್ನು ನಿಷೇಧಿಸಿತು. ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಗಾಲಿಜೋಡು ಕಟ್ಟಿ ಆಡಿದ ಚಿತ್ರಗಳು ಪ್ರಸಿದ್ಧವಾಗಿವೆ. ಕೆಲವು ಗ್ರಂಥಕರ್ತರು ಇದನ್ನೇ ಮುಖ್ಯ ಕಾರಣವೆಂದು ಎಣಿಸುತ್ತಾರೆ. ತೈಲದ ಅಭಾವ ಯೂರೋಪಿನ ಎಲ್ಲ ದೇಶಗಳನ್ನೂ ತಟ್ಟಿತು. ಎಲ್ಲೆಡೆಯೂ ಅದೇ ಫಲ ಕಾಣಲಿಲ್ಲ. ಸಿದ್ಧವಾಗಿದ್ದ ಸೌದೆಗೆ ಅದು ಕಿಡಿಯಾಯಿತೆಂದಷ್ಟೇ ಹೇಳುವುದು ಯುಕ್ತ.

ಆಮ್‌ಸ್ಟರ್‌ಡಾಮಿನಲ್ಲಿ ನಿರ್ಣಾಯಕ ಕದನ ನಡೆದದ್ದು ನ್ಯೂಮಾರ್ಕ್ಟ್ ಎಂಬ ಹಳೆಯ ಕೇರಿಯಲ್ಲಿ. ಭೂಗತ ರೈಲುಮಾರ್ಗವನ್ನೂ ಅದರ ಮೇಲೊಂದು ಹೆದ್ದಾರಿಯನ್ನೂ ಅಲ್ಲಿ ತರಬೇಕೆಂದು ಯೋಜನೆಯಿತ್ತು. 1972ರಲ್ಲಿ ಪೌರಸಭೆ ಹೆದ್ದಾರಿಯನ್ನು ಒಂದೇ ಒಂದು ಮತದ ಅಂತರದಿಂದ ಕೈಬಿಟ್ಟಿತು. ಆ ಒಂದು ಮತ ಅತ್ತ ಬಿದ್ದಿದ್ದರೆ, ಸಮತಟ್ಟಾದ ನೆಲವನ್ನು ಕುರಿತ ಸಿದ್ಧಾಂತವನ್ನು ಇಂದು ಯಾರು ಮಂಡಿಸುತ್ತಿದ್ದರೋ ಕಾಣೆವು. ರೈಲಿಗಾಗಿ ಮನೆಗಳನ್ನು ಕೆಡವುವುದು ಮಾತ್ರ ಮುಂದುವರಿದು, 1975ರ ಮಾರ್ಚ್ ತಿಂಗಳಲ್ಲಿ ನಿವಾಸಿಗಳಿಗೂ ಪೋಲೀಸರಿಗೂ ತೀವ್ರ ಘರ್ಷಣೆ ನಡೆಯಿತು. ರೈಲು ಬಂದಿತು, ಹೆದ್ದಾರಿ ಬರಲಿಲ್ಲ. ಅದೇ 1975ರಲ್ಲಿ ಸೈಕಲ್ ಸವಾರರು ಹೊಸದೊಂದು ಸಂಘವನ್ನು ಕಟ್ಟಿ, ‘ನಿಜವಾದ’ ಡಚ್ ಸೈಕಲ್ ಸವಾರರ ಸಂಘವೆಂದು ಅದನ್ನು ಕರೆದರು. ಕಾರಿನವರ ಪಾಲಾಗಿದ್ದ 1883ರ ಹಳೆಯ ಸಂಘವನ್ನು ಕುಟುಕುವ ಹೆಸರಿದು. ಹಳೆಯ ಸಂಘ ಆಕ್ಷೇಪಿಸಿದ ಕಾರಣ ಹೆಸರು ಬದಲಿಸಬೇಕಾಯಿತಾದರೂ ಕುಟುಕು ತಗಲಿದ್ದಾಗಿತ್ತು.

ಬೇಡಿಕೆ ಎಂಜಿನಿಯರರ ಮೇಜಿಗೆ ತಲಪಿದ ಬಳಿಕ ಏನಾಯಿತೆಂಬುದೂ ವಿಚಾರಾರ್ಹ. 1970ರ ದಶಕದ ಮಧ್ಯಭಾಗದಲ್ಲಿ ಕೇಂದ್ರಸರ್ಕಾರದ ಧನಸಹಾಯದಿಂದ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ಮಾರ್ಗ ನಿರ್ಮಿತವಾಯಿತು. ಹೇಗ್‌ನಲ್ಲಿ, ಗಿರಾಕಿಗಳು ತಪ್ಪಿಹೋಗುವರೆಂದು ಅಂಗಡಿಕಾರರು ವಿರೋಧಿಸಿದರು. ಮಾರ್ಗಗಳೇನೋ ಸೊಗಸಾಗಿದ್ದುವು, ಆದರೆ ಸೊಗಸಾದ ಒಂದೇ ದಾರಿಯಿಂದ ಇಡೀ ನಗರದ ಅಭ್ಯಾಸ ಬದಲಾಗಲಿಲ್ಲ. ಅನಂತರ ಡೆಲ್ಫ್ಟ್ ನಗರದಲ್ಲಿ, ಅಲ್ಲಲ್ಲಿ ತುಂಡಾಗಿದ್ದ ಮಾರ್ಗಗಳನ್ನು ಸೇರಿಸಿ ಊರಿಗೆ ಊರನ್ನೇ ವ್ಯಾಪಿಸುವ ಜಾಲವನ್ನು ನೇಯ್ದಾಗ ಬಳಕೆ ಹೆಚ್ಚಿತು. ಮನೆಯ ಮುಂದಿನ ಬೀದಿಯನ್ನು ಅಂಗಳದಂತೆ ರೂಪಿಸಿ, ಕಾರು ಅಲ್ಲಿ ಅತಿಥಿಯಂತೆ ಮೆಲ್ಲನೆ ಬರತಕ್ಕದ್ದೆಂಬ ಕಲ್ಪನೆಯೂ ಡೆಲ್ಫ್ಟಿನದೇ. 1976ರಲ್ಲಿ ಇದಕ್ಕೆ ಶಾಸನದ ಮನ್ನಣೆ ದೊರೆಯಿತು.

ಹಾಗಾದರೆ ಮಾರ್ಗಗಳನ್ನು ಕಟ್ಟಿದರೆ ಸಾಕೆ? ಇಂಗ್ಲೆಂಡಿನ ಸ್ಟೀವನೇಜ್ ನಗರದ ವೃತ್ತಾಂತ ಇದಕ್ಕೆ ಅಡ್ಡಬರುತ್ತದೆ. 1946ರಲ್ಲಿ ಘೋಷಿತವಾದ ಈ ಹೊಸ ನಗರದಲ್ಲಿ ಎರಿಕ್ ಕ್ಲ್ಯಾಕ್ಸ್‌ಟನ್ ಎಂಬ ಎಂಜಿನಿಯರನು ರಸ್ತೆಯಿಂದ ಬೇರ್ಪಟ್ಟ, ಕೂಡುದಾರಿಗಳಲ್ಲಿ ಕೆಳಸೇತುವೆಗಳುಳ್ಳ, ಅಚ್ಚುಕಟ್ಟಾದ ಸೈಕಲ್ ಮಾರ್ಗಗಳನ್ನು ನಿರ್ಮಿಸಿದನು. ಡಚ್ ತಜ್ಞರೂ ಮೆಚ್ಚಬಹುದಾದ ಕೆಲಸ. ಆದರೂ ಜನ ನಿರೀಕ್ಷಿಸಿದಷ್ಟು ಸೈಕಲ್ಲನ್ನೇರಲಿಲ್ಲ. ಏಕೆಂದರೆ ಅದೇ ನಗರದಲ್ಲಿ ಕಾರಿಗೂ ಅಷ್ಟೇ ವಿಶಾಲವಾದ, ಅಡೆತಡೆಯಿಲ್ಲದ ರಸ್ತೆಗಳಿದ್ದುವು. ಹಾಲೆಂಡಿನ ನಗರಗಳು ಸೈಕಲ್ಲಿಗೆ ದಾರಿ ಕೊಟ್ಟುದಷ್ಟೇ ಅಲ್ಲದೆ ಕಾರಿನ ದಾರಿಯನ್ನು ಬಳಸಿಸುತ್ತಿ, ನಿಲ್ಲಿಸುವ ಜಾಗವನ್ನು ಮಿತಗೊಳಿಸಿ, ಶುಲ್ಕ ಹೇರಿ ತೊಡಕುಮಾಡಿದುವು. ಈ ಎರಡನೆಯ ಅಂಶವೇ ರಾಜಕೀಯವಾಗಿ ಕಠಿನವಾದುದು. ಮಾರ್ಗ ಕಟ್ಟಲು ಹಣ ಸಾಕು, ಇದಕ್ಕೆ ಒಂದು ವರ್ಗದ ಅಸಮಾಧಾನವನ್ನು ತಾಳಿಕೊಳ್ಳುವ ಪೌರಸಭೆ ಬೇಕು. ಅಂಥ ಪೌರಸಭೆಯನ್ನು ಚುನಾವಣೆಯ ಮೂಲಕ ಉಂಟುಮಾಡಿದ್ದು 1970ರ ದಶಕದ ಚಳವಳಿಗಳೇ.

ಬಿಳಿ ಸೈಕಲ್ಲಿನ ಸಂತತಿಯ ಬಗೆಗೂ ಒಂದು ಮಾತು. 1974ರಲ್ಲಿ ಫ್ರಾನ್ಸಿನ ಲಾ ರೊಷೆಲ್, 1995ರಲ್ಲಿ ಕೋಪನ್‌ಹೇಗನ್, 2007ರಲ್ಲಿ ಪ್ಯಾರಿಸ್ ನಗರಗಳು ಸಾರ್ವಜನಿಕ ಸೈಕಲ್ಲುಗಳನ್ನು ಬೀದಿಗಿಳಿಸಿದುವು. 2017ರಲ್ಲಿ ನಮ್ಮ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ಸುಮಾರು 450 ಸೈಕಲ್ಲುಗಳೊಡನೆ ಇಂಥದೇ ವ್ಯವಸ್ಥೆ ಆರಂಭವಾಯಿತು. ವ್ಯತ್ಯಾಸವಿಷ್ಟೆ: ಪ್ರೊವೊಗಳು ಬೀಗವನ್ನೇ ನಿರಾಕರಿಸಿದ್ದರು, ಕೋಪನ್‌ಹೇಗನ್ನಿನವರು ನಾಣ್ಯ ಹಾಕಿಸಿಕೊಂಡು ಬೀಗ ತೆಗೆದರು, ಮೈಸೂರಿನಲ್ಲಿ ಸದಸ್ಯನ ಕಾರ್ಡನ್ನು ತೋರಿದರೆ ಬೀಗ ತೆರೆದುಕೊಳ್ಳುತ್ತಿತ್ತು.

ನೆದರ್ಲೆಂಡ್ಸಿನಲ್ಲಿ ರಸ್ತೆಯ ಸಾವುಗಳು ಇತ್ತೀಚಿನ ವರ್ಷಗಳಲ್ಲಿ 600ರಿಂದ 750ರ ನಡುವೆ ಇವೆ. 1971ರಿಂದಾದ ಈ ಇಳಿತವನ್ನೆಲ್ಲ ಸೈಕಲ್ ಮಾರ್ಗಗಳ ಲೆಕ್ಕಕ್ಕೇ ಸೇರಿಸಲಾಗದು. 1974–75ರಲ್ಲಿ ಪಾನಮತ್ತ ಚಾಲನೆ, ಆಸನಪಟ್ಟಿ, ಶಿರಸ್ತ್ರಾಣಗಳನ್ನು ಕುರಿತು ಬಂದ ಕಾನೂನುಗಳಿಗೂ ಚಿಕಿತ್ಸಾಕ್ರಮದ ಸುಧಾರಣೆಗೂ ಅದರಲ್ಲಿ ಪಾಲುಂಟು. ಆದರೆ ಮಕ್ಕಳ ಸಾವುಗಳು ಇಳಿದ ಪ್ರಮಾಣ ಎಲ್ಲಕ್ಕಿಂತ ಹೆಚ್ಚಿನದು. ಚಳವಳಿ ಕೇಳಿದ್ದು ಅದನ್ನೇ.

ವಿವಾದ ಪೂರ್ಣವಾಗಿ ಮುಗಿದಿದೆಯೆಂದೂ ಹೇಳಲಾಗದು. ಆಮ್‌ಸ್ಟರ್‌ಡಾಮಿನ ರೈಕ್ಸ್ ವಸ್ತುಸಂಗ್ರಹಾಲಯದ ಕಟ್ಟಡವನ್ನು 1885ರಲ್ಲಿ ತೆರೆದಾಗ, ವಾಸ್ತುಶಿಲ್ಪಿ ಕೌಪರ್ಸ್ ಅದರ ನಡುವೆ ಸಾರ್ವಜನಿಕರಿಗಾಗಿ ಕಮಾನಿನ ಹಾದಿಯೊಂದನ್ನು ಬಿಟ್ಟಿದ್ದನು. ಸೈಕಲ್ ಸವಾರರು ಬಹುಕಾಲ ಅದರೊಳಗೆ ಓಡಾಡಿದರು. 2003ರಲ್ಲಿ ಜೀರ್ಣೋದ್ಧಾರಕ್ಕಾಗಿ ಸಂಗ್ರಹಾಲಯವನ್ನು ಮುಚ್ಚಿದಾಗ, ಹಾದಿಯನ್ನು ಮುಖ್ಯ ಪ್ರವೇಶಸ್ಥಾನವನ್ನಾಗಿ ಮಾಡಿ ಸೈಕಲ್ಲುಗಳನ್ನು ಹೊರಗಿಡಬೇಕೆಂದು ಆಡಳಿತದವರು ಬಯಸಿದರು. ಸವಾರರ ಸಂಘ ಹೋರಾಡಿತು, ನಕ್ಷೆಗಳು ಬದಲಾದುವು, ವರ್ಷಗಳು ಉರುಳಿದುವು. 2013ರ ಏಪ್ರಿಲ್‌ನಲ್ಲಿ ರಾಣಿ ಬೇಯಟ್ರಿಕ್ಸ್ ಸಂಗ್ರಹಾಲಯವನ್ನು ಮತ್ತೆ ತೆರೆದಳು. ಮುಂದಿನ ತಿಂಗಳು ಆ ಕಮಾನಿನ ಹಾದಿಯೂ ಸೈಕಲ್ಲುಗಳಿಗೆ ತೆರೆಯಿತು.