ಕಿಶೋರ ಮಾರ್ಗದರ್ಶನ (ಬಸವಕಲ್ಯಾಣ–ಹುಮನಾಬಾದ್ ಪ್ರದೇಶ)

ದಾರಿದ್ರ್ಯ, ಬಾಲ್ಯವಿವಾಹ, ಅಕಾಲದ ದುಡಿಮೆ, ಪಾಲಕರ ಅಗಲಿಕೆ ಮೊದಲಾದ ಕಾರಣಗಳಿಂದ ವಿದ್ಯಾಭ್ಯಾಸವು ನಡುವೆಯೇ ಮುರಿದುಬೀಳುವ ಸಂಭವವುಳ್ಳ ಹದಿಹರೆಯದವರಿಗೆ, ಕುಟುಂಬದ ಹೊರಗಿನ ಅನುಭವಸ್ಥರೊಬ್ಬರು ದೀರ್ಘಕಾಲ ನಿಯತವಾಗಿ ನೀಡುವ ಒಡನಾಟಕ್ಕೂ ಸಲಹೆಗೂ ಕಿಶೋರ ಮಾರ್ಗದರ್ಶನವೆಂದು ಹೆಸರು.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳು ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಸೇರಿವೆ. ಮಳೆಯನ್ನೇ ನಂಬಿದ ಬೇಸಾಯವು ಕೈಕೊಟ್ಟಾಗ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳೂ, ಪುಣೆ–ಹೈದರಾಬಾದ್ ಹೆದ್ದಾರಿಯ ಧಾಬಾ, ಗ್ಯಾರೇಜುಗಳಲ್ಲಿ ಬೇಗನೆ ಕೂಲಿ ಕಾಣುವ ಹುಡುಗರೂ ಶಾಲೆಯಿಂದ ದೂರವಾಗುವುದು ಸುಲಭ. 2009ರ ಶಿಕ್ಷಣಹಕ್ಕಿನ ಕಾಯಿದೆಯು 14ನೆಯ ವಯಸ್ಸಿಗೆ ನಿಲ್ಲುತ್ತದೆ. 2016ರ ತಿದ್ದುಪಡಿಯ ಬಾಲಕಾರ್ಮಿಕ ಕಾಯಿದೆಯು 14ರಿಂದ 18ರವರೆಗಿನವರಿಗೆ ಅಪಾಯಕರ ಉದ್ಯೋಗಗಳನ್ನು ಮಾತ್ರ ನಿಷೇಧಿಸುತ್ತದೆ. ಹೀಗೆ ಕಾನೂನು ಸಡಿಲವಾಗುವ ಈ ನಾಲ್ಕು ವರ್ಷಗಳೇ ಮಾರ್ಗದರ್ಶಕನ ಮುಖ್ಯ ಕಾರ್ಯಕ್ಷೇತ್ರ.

ಈ ಪ್ರದೇಶಕ್ಕೆ ಇಂಥ ಆಸರೆಯ ಪರಂಪರೆ ಹೊಸದಲ್ಲ. ನೆರೆಯ ಭಾಲ್ಕಿಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದುವಿನ ಫಲಕವಿರಿಸಿ ಒಳಗೆ ಕನ್ನಡವನ್ನು ಕಲಿಸಿದರಲ್ಲದೆ, ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನೂ ನಡೆಸಿದರು. 1989ರಲ್ಲಿ ಬೀದರಿನಲ್ಲಿ ಅಬ್ದುಲ್ ಖದೀರರು ಸ್ಥಾಪಿಸಿದ ಶಾಹೀನ್ ಶಿಕ್ಷಣ ಸಂಸ್ಥೆಯು, ಓದು ಬಿಟ್ಟವರನ್ನೂ ಮದರಸಾಗಳಿಂದ ಬಂದವರನ್ನೂ ಪ್ರತ್ಯೇಕ ಗಮನದಿಂದ ಸಿದ್ಧಗೊಳಿಸಿ ಸಾಮಾನ್ಯ ಶಿಕ್ಷಣಕ್ಕೆ ಸೇರಿಸುತ್ತಿದೆ. ಈ ಪ್ರದೇಶದ ಹೊರಗೆ, ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ‘ಮೆಂಟರ್ ಟುಗೆದರ್’ ಸಂಸ್ಥೆಯು ಒಬ್ಬ ಕಿಶೋರನಿಗೆ ಒಬ್ಬ ಮಾರ್ಗದರ್ಶಕನನ್ನು ಜೊತೆಗೂಡಿಸುವ ಪದ್ಧತಿಯನ್ನು ಅನುಸರಿಸಿತು.

ಮನೆಯಲ್ಲಿ ಕನ್ನಡ, ಮರಾಠಿ, ಉರ್ದುಗಳಲ್ಲಿ ಯಾವುದನ್ನು ಆಡುವರೋ ಅದರಲ್ಲಿ ಪಾಲಕರೊಡನೆ ಮಾತಾಡಬಲ್ಲವನೇ ಇಲ್ಲಿ ಮಾರ್ಗದರ್ಶಕನಾಗಲು ತಕ್ಕವನು. ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದವನನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು, ಪಿಯುಸಿ, ಐಟಿಐ, ಡಿಪ್ಲೊಮಾಗಳ ಭೇದವನ್ನು ತಿಳಿಸುವುದು, ವಿದ್ಯಾರ್ಥಿವೇತನಕ್ಕೂ ಹಾಸ್ಟೆಲಿಗೂ ಅರ್ಜಿ ಹಾಕಿಸುವುದು, ಹುಡುಗಿಯ ಮದುವೆಯನ್ನು ಮುಂದೂಡುವಂತೆ ತಂದೆತಾಯಿಯನ್ನು ಒಪ್ಪಿಸುವುದು ಅವನ ಕೆಲಸ. ಬಲವಂತದ ಮದುವೆ, ದೌರ್ಜನ್ಯಗಳಂಥ ಸಂದರ್ಭಗಳಲ್ಲಿ ಆತನು ತಾನೇ ತೀರ್ಪುಗಾರನಾಗದೆ 1098 ಮಕ್ಕಳ ಸಹಾಯವಾಣಿಗೆ ತಿಳಿಸತಕ್ಕದ್ದು.

ಇಂಥದೇ ಮಾರ್ಗದರ್ಶನಕ್ಕಾಗಿ ನ್ಯೂಯಾರ್ಕಿನಲ್ಲಿ 1904ರಲ್ಲಿ ಮೊದಲಾದ ‘ಬಿಗ್ ಬ್ರದರ್ಸ್’ ಚಳವಳಿಯ ಬಗೆಗಿನ 1995ರ ಅಧ್ಯಯನವು, ಒಡನಾಡಿ ದೊರೆತವರಲ್ಲಿ ಮಾದಕವಸ್ತುಗಳಿಗೆ ಹೊಸದಾಗಿ ತೊಡಗುವ ಸಂಭವ ಶೇಕಡ 46ರಷ್ಟು ಕಡಮೆಯೆಂದು ಕಂಡಿತು. ವರ್ಷಕ್ಕೂ ಮಿಕ್ಕು ಉಳಿದ ಸಂಬಂಧಗಳು ಹೆಚ್ಚು ಫಲ ನೀಡಿದುವೆಂದೂ, ಮೂರು ತಿಂಗಳೊಳಗೆ ಕಡಿದವು ಕಿಶೋರನ ಆತ್ಮಗೌರವವನ್ನೇ ಕುಗ್ಗಿಸಿದುವೆಂದೂ 2002ರ ಮತ್ತೊಂದು ವಿಶ್ಲೇಷಣೆ ತೋರಿಸಿತು. ಆದಕಾರಣ ಒಂದು ದಿನದ ಶಿಬಿರವಾಗಲಿ ಭಾಷಣವಾಗಲಿ ಮಾರ್ಗದರ್ಶನವೆನಿಸದು. ವರ್ಷವಾದರೂ ಜೊತೆಗಿರಲಾರದವನು ಈ ಹೊಣೆಯನ್ನು ಹೊರದಿರುವುದೇ ಲೇಸು.