1931ರ ಸೆಪ್ಟೆಂಬರ್: ಒಂದೇ ತಿಂಗಳಲ್ಲಿ ಅಲುಗಿದ ಮೂರು ಆಧಾರಗಳು

ಮೊದಲ ಮಹಾಯುದ್ಧದ ನಂತರ ಕಟ್ಟಿದ ಜಾಗತಿಕ ವ್ಯವಸ್ಥೆ ಮೂರು ಆಧಾರಗಳ ಮೇಲೆ ನಿಂತಿತ್ತು. ಹಣಕ್ಕೆ ಚಿನ್ನ, ಶಾಂತಿಗೆ ಜಿನೀವಾದ ರಾಷ್ಟ್ರಸಂಘ, ಏಷ್ಯಾ ಮತ್ತು ಆಫ್ರಿಕಗಳ ಮೇಲಿನ ಹಿಡಿತಕ್ಕೆ ಯುರೋಪಿನ ಸಾಮ್ರಾಜ್ಯಗಳು. 1931ರ ಸೆಪ್ಟೆಂಬರ್ ತಿಂಗಳ ಸುದ್ದಿಗಳನ್ನು ತಾರೀಖಿನ ಕ್ರಮದಲ್ಲಿಟ್ಟು ಓದಿದರೆ ಈ ಮೂರೂ ಒಟ್ಟೊಟ್ಟಿಗೆ ಅಲುಗಿದ್ದು ಕಾಣುತ್ತದೆ. ಎರಡು ಯುದ್ಧಗಳ ನಡುವಿನ ಕಾಲವನ್ನು ಅರಿಯಲು ಇಷ್ಟು ನೆರವಾಗುವ ತಿಂಗಳುಗಳು ಬಹಳ ಇಲ್ಲ.

ಹಣದ ಕಥೆ ಶುರುವಾದದ್ದು ಆ ವರ್ಷದ ಮೇ ತಿಂಗಳಲ್ಲಿ, ವಿಯೆನ್ನಾದಲ್ಲಿ. ಆಸ್ಟ್ರಿಯಾದ ಅತಿ ದೊಡ್ಡ ಬ್ಯಾಂಕಾದ ಕ್ರೆಡಿಟ್‌ಅನ್‌ಸ್ಟಾಲ್ಟ್ ತನ್ನ ನಷ್ಟವನ್ನು ಬಹಿರಂಗಪಡಿಸಿತು. ಜುಲೈನಲ್ಲಿ ಜರ್ಮನಿಯ ಬ್ಯಾಂಕುಗಳು ಬಾಗಿಲು ಮುಚ್ಚಿದವು. ಲಂಡನ್ನಿನ ಹಣ ಅಲ್ಲೆಲ್ಲ ಸಿಕ್ಕಿಕೊಂಡಿದ್ದರಿಂದ ಹೂಡಿಕೆದಾರರು ಪೌಂಡನ್ನೇ ನಂಬದಾದರು. ಬ್ರಿಟನ್ನಿನ ಲೇಬರ್ ಸರ್ಕಾರ ಆಗಸ್ಟ್ 24ರಂದು ಬಿತ್ತು. ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರೇ ಪ್ರಧಾನಿಯಾಗಿ ಸರ್ವಪಕ್ಷಗಳ ಹೆಸರಿನ ಹೊಸ ಸರ್ಕಾರ ರಚಿಸಿದರು. ಸೆಪ್ಟೆಂಬರ್ 10ರ ಬಜೆಟ್ ತೆರಿಗೆಯನ್ನು ಏರಿಸಿತು, ಸಂಬಳವನ್ನು ಕಡಿತ ಮಾಡಿತು.

ಆ ಕಡಿತದ ಬಿಸಿ ಯಾರಿಗೆ ತಟ್ಟಿತು ಎಂಬುದನ್ನು ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್ ಬಂದರು ತೋರಿಸಿತು. ಹಳೆಯ ದರದಲ್ಲಿ ದಿನಕ್ಕೆ 4 ಷಿಲ್ಲಿಂಗ್ ಪಡೆಯುತ್ತಿದ್ದ ಸಾಮಾನ್ಯ ನಾವಿಕನಿಗೆ ಇನ್ನು ಮುಂದೆ 3 ಷಿಲ್ಲಿಂಗ್ ಎಂದಾಯಿತು. ಮೇಲಿನವರಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಇವನಿಗೆ ಕಾಲು ಭಾಗವೇ ಹೋಯಿತು. ಎಷ್ಟೋ ಮಂದಿಗೆ ಇದು ತಿಳಿದದ್ದೂ ಪತ್ರಿಕೆ ಮತ್ತು ರೇಡಿಯೋಗಳಿಂದ. 15ರಂದು ಅಟ್ಲಾಂಟಿಕ್ ನೌಕಾಪಡೆಯ ನಾವಿಕರು ಹಡಗು ಹೊರಡಿಸಲು ಒಪ್ಪಲಿಲ್ಲ. ಗುಂಡು ಹಾರಲಿಲ್ಲ, ರಕ್ತ ಹರಿಯಲಿಲ್ಲ. ಆದರೆ ಬ್ರಿಟಿಷ್ ನೌಕಾಪಡೆಯಲ್ಲಿ ದಂಗೆ ಎಂಬ ಸುದ್ದಿ ಕೇಳಿದ ಹೊರದೇಶದವರು ಲಂಡನ್ನಿನಿಂದ ತಮ್ಮ ಹಣವನ್ನು ಇನ್ನಷ್ಟು ಅವಸರದಲ್ಲಿ ಹಿಂದೆಗೆದುಕೊಂಡರು. ನ್ಯೂಯಾರ್ಕ್ ಮತ್ತು ಪ್ಯಾರಿಸ್‌ನಿಂದ ತಂದಿದ್ದ ಸಾಲವೂ ಸಾಲದೇ ಹೋಯಿತು. 21ರ ಸೋಮವಾರ ಬ್ರಿಟನ್ ಸುವರ್ಣ ಪ್ರಮಿತಿಯನ್ನು ಕೈಬಿಟ್ಟಿತು. ಪೌಂಡಿಗೆ ಬದಲಾಗಿ ನಿಗದಿತ ದರದಲ್ಲಿ ಚಿನ್ನ ಕೊಡುವ ಹೊಣೆ ಇನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಇರಲಿಲ್ಲ. ತಿಂಗಳು ಮುಗಿಯುವ ಮೊದಲೇ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಅದೇ ದಾರಿ ಹಿಡಿದವು.

ಇದರ ಪರಿಣಾಮ ನಮ್ಮ ಹಳ್ಳಿಗಳನ್ನೂ ಮುಟ್ಟಿತು. ರೂಪಾಯಿಯನ್ನು ಪೌಂಡಿಗೇ ಕಟ್ಟಿಹಾಕಿದ್ದರಿಂದ ಪೌಂಡ್ ಇಳಿದಾಗ ಚಿನ್ನದ ರೂಪಾಯಿ ಬೆಲೆ ಏರಿತು. ಬೆಳೆಗೆ ಬೆಲೆಯಿಲ್ಲದೆ, ಕಂದಾಯ ಮತ್ತು ಸಾಲ ಕಟ್ಟಲಾಗದೆ ಕಂಗೆಟ್ಟಿದ್ದ ರೈತರು ಮನೆಯ ಒಡವೆಗಳನ್ನು ಮಾರಿದರು. ಆ ಚಿನ್ನ ಕರಗಿ ಬೊಂಬಾಯಿ ಬಂದರಿನಿಂದ ಹಡಗೇರಿತು. ಲಂಡನ್ನಿನ ಬಿಕ್ಕಟ್ಟು ಸುಧಾರಿಸಿದ್ದರಲ್ಲಿ ಭಾರತದ ಹೆಣ್ಣುಮಕ್ಕಳ ಬಳೆ, ಸರಗಳ ಪಾಲೂ ಇತ್ತೆಂಬುದನ್ನು ಆ ಕಾಲದ ಇತಿಹಾಸ ಬರೆಯುವವರು ಮರೆಯಬಾರದು.

ಎರಡನೆಯ ಆಧಾರ ರಾಷ್ಟ್ರಸಂಘ. ಸೆಪ್ಟೆಂಬರ್ 10ರಂದು ಅದರ ಮಹಾಸಭೆಯಲ್ಲಿ ಬ್ರಿಟನ್ನಿನ ಲಾರ್ಡ್ ಸೆಸಿಲ್, ಯುದ್ಧದ ಸಂಭವ ಇಷ್ಟು ಕಡಿಮೆಯಿದ್ದ ಕಾಲ ಚರಿತ್ರೆಯಲ್ಲೇ ಅಪರೂಪ ಎಂಬರ್ಥದ ಮಾತನ್ನಾಡಿದರು. ಎಂಟು ದಿನ ಕಳೆಯಿತು. 18ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಮಂಚೂರಿಯದ ಮುಕ್ಡೆನ್ ಹೊರವಲಯದಲ್ಲಿ, ಜಪಾನಿನ ಒಡೆತನದ ರೈಲುಹಳಿಯ ಬಳಿ ಒಂದು ಸ್ಫೋಟ ನಡೆಯಿತು. ಹಳಿಗೆ ಆದ ಹಾನಿ ಎಷ್ಟು ಸಣ್ಣದೆಂದರೆ ಸ್ವಲ್ಪ ಹೊತ್ತಿನಲ್ಲೇ ಒಂದು ರೈಲು ಅದರ ಮೇಲೆಯೇ ದಾಟಿಹೋಯಿತು. ಅದನ್ನು ಯೋಜಿಸಿದವರು ಜಪಾನಿನ ಕ್ವಾಂಟುಂಗ್ ಸೇನೆಯ ಅಧಿಕಾರಿಗಳಾದ ಇಶಿವಾರಾ ಮತ್ತು ಇತಗಾಕಿ. ತಪ್ಪನ್ನು ಚೀನೀಯರ ಮೇಲೆ ಹೊರಿಸಿದ ಸೇನೆ ಮರುದಿನವೇ ಮುಕ್ಡೆನ್ ನಗರವನ್ನು ವಶಪಡಿಸಿಕೊಂಡಿತು. ಟೋಕಿಯೋ ಸರ್ಕಾರಕ್ಕೆ ತನ್ನ ಸೈನ್ಯವನ್ನೇ ತಡೆಯಲಾಗಲಿಲ್ಲ. ಯಾಂಗ್‌ಟ್ಸೆ ಕಣಿವೆಯ ಭೀಕರ ಪ್ರವಾಹದಲ್ಲಿ ನಲುಗಿದ್ದ ಚೀನಾ 21ರಂದು ರಾಷ್ಟ್ರಸಂಘಕ್ಕೆ ದೂರು ಕೊಟ್ಟಿತು. ಪೌಂಡ್ ಚಿನ್ನದಿಂದ ಬೇರೆಯಾದ ಅದೇ ದಿನ ಅದು. 30ರಂದು ಸಂಘದ ಮಂಡಳಿ ಜಪಾನಿನ ಭರವಸೆಗಳನ್ನು ದಾಖಲಿಸಿಕೊಂಡು ಸಭೆಯನ್ನು ಮುಂದೂಡಿತು.

ಈ ಎರಡು ಕಥೆಗಳು ಪರಸ್ಪರ ಬೆಸೆದುಕೊಂಡಿವೆ. ಖಜಾನೆ ಬರಿದಾದ ಬ್ರಿಟನ್ನಿಗೆ ದೂರದ ಪೂರ್ವದಲ್ಲಿ ಹೊಣೆ ಹೊರುವ ಚೈತನ್ಯವಿರಲಿಲ್ಲ. ಅಮೆರಿಕ ತನ್ನ ಆರ್ಥಿಕ ಕುಸಿತದಲ್ಲೇ ಮುಳುಗಿತ್ತು. ಆಕ್ರಮಣಕ್ಕೆ ಬೆಲೆ ತೆರಬೇಕಾಗಿಲ್ಲ ಎಂಬ ಪಾಠವನ್ನು ಜಪಾನಿನ ಸೇನಾಧಿಕಾರಿಗಳು ಕಲಿತರು, ಬೇರೆಯವರೂ ಗಮನಿಸಿದರು.

ಮೂರನೆಯದು ಸಾಮ್ರಾಜ್ಯದ ಪ್ರಶ್ನೆ. ಲಿಬಿಯಾದಲ್ಲಿ ಇಟಲಿಯ ವಿರುದ್ಧ ಇಪ್ಪತ್ತು ವರ್ಷ ಹೋರಾಡಿದ, ಎಪ್ಪತ್ತು ದಾಟಿದ ಒಮರ್ ಮುಖ್ತಾರ್ ಅವರನ್ನು ಸೆಪ್ಟೆಂಬರ್ 16ರಂದು ಸೆರೆಯಾಳುಗಳ ಕಣ್ಣೆದುರೇ ಗಲ್ಲಿಗೇರಿಸಲಾಯಿತು. ಅದೇ ದಿನ ಬಂಗಾಳದ ಹಿಜ್ಲಿ ಬಂಧನ ಶಿಬಿರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರಾಜಕೀಯ ಬಂಧಿಗಳು ಬಲಿಯಾದರು. ಇತ್ತ ಲಂಡನ್ನಿನಲ್ಲಿ ಎರಡನೆಯ ದುಂಡು ಮೇಜಿನ ಪರಿಷತ್ತು ಸೇರಿತ್ತು. 12ರಂದು ಬಂದಿಳಿದ ಗಾಂಧೀಜಿ ಬಡವರ ಬಡಾವಣೆಯ ಕಿಂಗ್ಸ್‌ಲೆ ಹಾಲ್‌ನಲ್ಲಿ ತಂಗಿದರು. ಅಂಬೇಡ್ಕರ್, ಸರೋಜಿನಿ ನಾಯ್ಡು, ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಮೊದಲಾದವರೂ ಪ್ರತಿನಿಧಿಗಳಾಗಿದ್ದರು. ತಿಂಗಳ ಕೊನೆಯ ವಾರ ಗಾಂಧೀಜಿ ಲ್ಯಾಂಕಾಶೈರಿಗೆ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಕೆಲಸ ಕಳೆದುಕೊಂಡಿದ್ದ ಪ್ರದೇಶವದು. ಡಾರ್ವೆನ್ ಗಿರಣಿಯ ಹೆಣ್ಣಾಳುಗಳು ಅವರನ್ನು ಸುತ್ತುವರಿದು ಜೈಕಾರ ಹಾಕಿದರು. ಭಾರತದ ಬಡತನ ತಮ್ಮದಕ್ಕಿಂತ ಎಷ್ಟು ಆಳದ್ದೆಂದು ಅವರು ಗಾಂಧೀಜಿಯ ಬಾಯಿಂದಲೇ ಕೇಳಿದರು. ಪರಿಷತ್ತು ವಿಫಲವಾಯಿತು. ಆದರೂ ಸಾಮ್ರಾಜ್ಯದ ರಾಜಧಾನಿಯಲ್ಲೇ ಅದರ ಪ್ರಜೆಗಳು ಸಮಾನರಂತೆ ಕುಳಿತು ವಾದಿಸಿದ್ದು ಹಿಂದಕ್ಕೆ ಹೋಗದ ಹೆಜ್ಜೆಯಾಗಿತ್ತು.

ಮುಂದಿನದು ಬೇಗ ಬಂತು. 1932ರ ಮಾರ್ಚ್‌ನಲ್ಲಿ ಮಂಚುಕುವೊ ಎಂಬ ಕೈಗೊಂಬೆ ರಾಜ್ಯ ಹುಟ್ಟಿತು. ಮಂಚೂರಿಯದ ಘಟನೆಯನ್ನು ತನಿಖೆ ಮಾಡಿದ ಲಿಟ್ಟನ್ ಆಯೋಗದ ವರದಿಯನ್ನು ರಾಷ್ಟ್ರಸಂಘ ಒಪ್ಪಿದ ಮೇಲೆ, 1933ರ ಮಾರ್ಚ್‌ನಲ್ಲಿ, ಜಪಾನ್ ಸಂಘವನ್ನೇ ತೊರೆಯಿತು. ಆ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಪೌಂಡಿನದು. ಆದರೆ ಪೌಂಡ್ ಇಳಿದ ಮೇಲೆ ಬ್ರಿಟನ್ ನಿಧಾನವಾಗಿ ಚೇತರಿಸಿಕೊಂಡಿತು. ಮುಕ್ಡೆನ್ನಿನಲ್ಲಿ ಹೊತ್ತಿದ ಕಿಡಿ ಆರಲು ಹದಿನಾಲ್ಕು ವರ್ಷ ಹಿಡಿಯಿತು, ಕೋಟಿಗಟ್ಟಲೆ ಪ್ರಾಣಗಳನ್ನು ಬಲಿ ತೆಗೆದುಕೊಂಡಿತು. ಹಣದ ಬಿಕ್ಕಟ್ಟಿಗೆ ಸರ್ಕಾರಗಳು ರಾತ್ರೋರಾತ್ರಿ ಸೇರುತ್ತವೆ. ಬಲವಂತನ ದಾಳಿಗೊಳಗಾದ ದೇಶದ ದೂರನ್ನು ಮುಂದಿನ ಸಭೆಗೆ ದೂಡುತ್ತವೆ. ಈ ಅಭ್ಯಾಸದ ಬೆಲೆ ಏನೆಂಬುದನ್ನು ಆ ಮೂವತ್ತು ದಿನಗಳಷ್ಟು ಸ್ಪಷ್ಟವಾಗಿ ಹೇಳುವ ಪಾಠ ಇನ್ನೊಂದಿಲ್ಲ.